ರೋಡ್‌ಕಿಂಗ್ ಉಳೀತು, ಡಾಲ್ಫಿನ್ ಎಲ್ಲಿ ಹೋಯ್ತು?

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಒಂದು ಸುದ್ದಿ ಹೇಳಿದ. ಬೆಂಗಳೂರಿನಿಂದ ಯಾರೋ ಇಬ್ಬರು ಹುಡುಗರು ಕಾರು ಮಾಡಿಕೊಂಡು ಮೇಲವಂಕಿ ತನಕ ಬಂದಿದ್ದರಂತೆ, ನಮ್ಮನೆ ಯೆಜ್ಡಿ ನೋಡೋಕೆ. ಗಾಡಿಯ ಸುತ್ತ ಮೂರು ಸಲ ಸುತ್ತಿ, ಮೊಬೈಲಿನಲ್ಲಿ ಫೋಟೋ ಹೊಡೆದು, ಕೊನೆಗೆ ಒಂದು ಲಕ್ಷ ನಲವತ್ತು ಸಾವಿರ ಕೊಡ್ತೀವಿ ಅಂದರಂತೆ.

"ನಾ ಅದನ್ನ ಸೆಕೆಂಡ್ ಹ್ಯಾಂಡ್ ತಗೊಂಡಾಂವ ತಮ್ಮಾ. ಎರಡು ಎಮ್ಮಿ ಮಾರಿದ್ದೆ. ಈಗ ಇವರು ಲಕ್ಷದ ಮ್ಯಾಲ ಮಾತಾಡ್ತಾರ. ಇವರಿಗೇನ್ ತಲಿ ಕೆಟ್ಟೈತೇನ?"

(ಓದುಗರಿಗೆ ಸೂಚನೆ: ನಮ್ಮ ಕಡೆ ಕಾಕಾನಿಗೆ ಬಹುವಚನ ಹಚ್ಚಿದರೆ ಏನೋ ಸಿಟ್ಟಾಗಿದ್ದೀವಿ ಅಂತ ಅರ್ಥ. ಆದ್ದರಿಂದ ಏಕವಚನ ಕ್ಷಮಿಸಿ :-))

ಕೊಡ್ತೀಯೇನು ಅಂತ ಕೇಳಿದೆ. ಉತ್ತರ ಹೇಳಲಿಲ್ಲ. "ನೀ ಅಂತೂ ಹೊಡಿಯೂದಿಲ್ಲ" ಅಂತಷ್ಟೇ ಅಂದು ಎದ್ದು ಹೋದ. ಆ ಮಾತು ಬೆಂಗಳೂರಿಗೆ ವಾಪಸ್ ಬರೋ ಬಸ್ಸಿನಲ್ಲೂ ಕಿವಿಯಲ್ಲೇ ಇತ್ತು.

ಈ ಲೇಖನಕ್ಕೆ ಇನ್ನೊಂದು ಕಾರಣವೂ ಇದೆ. ನಾನು ಕೆಲಸ ಮಾಡೋದು ಕಾರುಗಳ ಒಳಗಿನ ಕಂಟ್ರೋಲ್ ಯೂನಿಟ್‌ಗಳಿಗೆ ಕೋಡ್ ಬರೆಯೋ ಕಡೆ. ನಮ್ಮ ಕ್ಯಾಂಟೀನಿನಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ಏಳೋ ಜಗಳ ಒಂದಿದೆ. ಇವತ್ತು ಶೋರೂಮಿನಲ್ಲಿ ಮಿಂಚುತ್ತಿರೋ ಸ್ಪೋರ್ಟ್ಸ್ ಕಾರು ನಲವತ್ತು ವರ್ಷದ ನಂತರ ಕ್ಲಾಸಿಕ್ ಆಗಿ ಉಳಿಯುತ್ತಾ? 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ಉಳಿದಿದೆಯಲ್ಲ, ಹಾಗೆ? ಅರ್ಧ ಜನ "ಯಾಕಿಲ್ಲ, ಚೆಲುವು, ವೇಗ ಎರಡೂ ಇದೆ" ಅಂತಾರೆ. ಇನ್ನರ್ಧ ಜನ "ಅದು ಚಕ್ರ ಇರೋ ಮೊಬೈಲ್ ಫೋನು, ಅಷ್ಟೇ" ಅಂತಾರೆ. ಚಹಾ ಆರೋ ತನಕ ಜಗಳ.

ಇದಕ್ಕೆ ಉತ್ತರ ಹುಡುಕೋಕೆ ಇಂಗ್ಲೆಂಡು, ಇಟಲಿ ಅಂತ ಹೋಗೋ ಮೊದಲು ಮನೆ ಹಿತ್ತಲು ನೋಡೋಣ ಅನಿಸಿತು. ವೇಗಕ್ಕೆ, ಖುಷಿಗೆ ಅಂತ ಗಾಡಿ ಕಟ್ಟಿದವರು ಕರ್ನಾಟಕದಲ್ಲೂ ಇದ್ದರು. ಅವುಗಳಲ್ಲಿ ಒಂದು ಉಳೀತು, ಉಳಿದವು ಮರೆತೇ ಹೋದವು. ಯಾಕೆ?

ಮೊದಲು ಮರೆತುಹೋದದ್ದು. ಬೆಂಗಳೂರಿನ ಸಿಪಾನಿ ಆಟೋಮೊಬೈಲ್ಸ್ ಹೆಸರು ಎಷ್ಟು ಜನ ಕೇಳಿದ್ದೀರಿ? ಎಪ್ಪತ್ತರ ದಶಕದಲ್ಲಿ ಇವರ ಬಾದಲ್ ಅನ್ನೋ ಮೂರು ಚಕ್ರದ ಕಾರು ಓಡಾಡುತ್ತಿತ್ತು. ಹೌದು, ಮೂರೇ ಚಕ್ರ, ಆದರೆ ಆಟೋ ಅಲ್ಲ, ಕಾರು. 1982ರಲ್ಲಿ ಅವರು ಡಾಲ್ಫಿನ್ ತಂದರು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಅನ್ನೋ ಪುಟ್ಟ ಕಾರೇ ಇದರ ಮೂಲ. ಎರಡು ಬಾಗಿಲು, 848 ಸಿಸಿ ಎಂಜಿನ್, ಮೈಯೆಲ್ಲ ಫೈಬರ್‌ಗ್ಲಾಸ್. ಆಗ ರಸ್ತೆಯಲ್ಲಿದ್ದದ್ದು ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ. ಅಂಥ ಕಬ್ಬಿಣದ ಆನೆಗಳ ನಡುವೆ ಇದೊಂದು ಆಡಿನ ಮರಿ. ಹಗುರ ಇದ್ದದ್ದಕ್ಕೇ ಡಾಲ್ಫಿನ್ ರ‍್ಯಾಲಿಗಳಲ್ಲಿ, ರೇಸುಗಳಲ್ಲಿ ಓಡಿತು. ರೇಸಿನ ಹುಚ್ಚಿದ್ದ ಹುಡುಗರಿಗೆ ಕೈಗೆಟುಕಿದ ಕೆಲವೇ ಕಾರುಗಳಲ್ಲಿ ಅದೂ ಒಂದು. ಇವತ್ತಿನ ಲೆಕ್ಕದಲ್ಲಿ ಅದನ್ನ ಸ್ಪೋರ್ಟ್ಸ್ ಕಾರು ಅಂದರೆ ನಗ್ತೀರೇನೋ, ಆದರೆ ಆ ಕಾಲಕ್ಕೆ ಕನ್ನಡ ನಾಡಿನಲ್ಲಿ ತಯಾರಾದ ಸ್ಪೋರ್ಟ್ಸ್ ಕಾರು ಅಂದರೆ ಅದೇ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅಲ್ಲಿಗೆ ಡಾಲ್ಫಿನ್ ಕತೆಗೆ ಇಳಿಜಾರು. ಸಿಪಾನಿಯವರು ಸುಮ್ಮನೆ ಕೂರಲಿಲ್ಲ, ಅದಕ್ಕೇ ಇನ್ನೆರಡು ಬಾಗಿಲು ಸೇರಿಸಿ ಮೊಂಟಾನಾ ಅಂತ ತಂದರು, ತೊಂಬತ್ತರ ದಶಕದಲ್ಲಿ ಬ್ರಿಟನ್ನಿನ ರೋವರ್ ಮೊಂಟೆಗೋ ಕೂಡ ತಂದರು. ಜನ ಮಾರುತಿ ಶೋರೂಮಿನ ಕ್ಯೂನಲ್ಲಿದ್ದರು.

ಇನ್ನೊಂದು ನಮ್ಮ ಜಿಲ್ಲೆಯ ಮಗ್ಗುಲಲ್ಲೇ ಆದದ್ದು. ಬೆಂಗಳೂರು ಮೂಲದ ಸ್ಯಾನ್ ಮೋಟರ್ಸ್, ಬೆಳಗಾವಿಯಿಂದ ಘಟ್ಟ ಇಳಿದರೆ ಸಿಗೋ ಗೋವಾದಲ್ಲಿ, ಸ್ಟಾರ್ಮ್ ಅಂತ ನಿಜವಾದ ಸ್ಪೋರ್ಟ್ಸ್ ಕಾರನ್ನೇ ಮಾಡಿತು. ತೊಂಬತ್ತರ ದಶಕದ ಕೊನೆ. ಎರಡೇ ಸೀಟು, ಮೇಲ್ಛಾವಣಿ ತೆಗೆಯಬಹುದು, ಇದಕ್ಕೂ ಫೈಬರ್‌ಗ್ಲಾಸ್ ಮೈ, ರೆನೋ ಕಂಪನಿಯ 1149 ಸಿಸಿ ಎಂಜಿನ್, 60 ಅಶ್ವಶಕ್ತಿ. ಚೆಂದದ ಕಾರೇ. ಕೊಂಡವರು ಬೆರಳೆಣಿಕೆ ಅನ್ನುವಷ್ಟು ಕಮ್ಮಿ. ಮಳೆಗಾಲ, ಧೂಳು, ಮನೆ ತುಂಬಾ ಜನ ಇರೋ ದೇಶದಲ್ಲಿ ಎರಡು ಸೀಟಿನ ತೆರೆದ ಕಾರು ತಗೊಂಡು ಅಜ್ಜಿನ ಎಲ್ಲಿ ಕೂರಿಸೋದು ಹೇಳಿ!

ಈಗ ಉಳಿದದ್ದರ ಕತೆ. ಇದು ಕಾರಲ್ಲ, ಬೈಕು. ಆದರೆ ಪ್ರಶ್ನೆ ಒಂದೇ ಆದ್ದರಿಂದ ಹಟ ಮಾಡಬೇಡಿ.

ಜಾವಾ ಅನ್ನೋದು ಇಂಡೋನೇಷ್ಯಾದ ದ್ವೀಪದ ಹೆಸರಲ್ಲ. (ನಾನು ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಆಮೇಲೆ ಇಂಜಿನಿಯರಿಂಗ್‌ನಲ್ಲಿ ಇನ್ನೊಂದು ಜಾವಾ ಬಂದು ಮತ್ತೂ ಗೊಂದಲ!) 1929ರಲ್ಲಿ ಪ್ರಾಗ್ ನಗರದಲ್ಲಿ ಯಾನೆಚೆಕ್ ಅನ್ನೋ ಉದ್ಯಮಿ ವಾಂಡರರ್ ಅನ್ನೋ ಜರ್ಮನ್ ಕಂಪನಿಯ ಬೈಕ್ ವಿನ್ಯಾಸ ಕೊಂಡುಕೊಂಡ. ಎರಡೂ ಹೆಸರಿನ ಮೊದಲ ಎರಡೆರಡು ಅಕ್ಷರ ಜೋಡಿಸಿದರೆ ಜಾವಾ. ಈ ಬೈಕುಗಳು ಭಾರತಕ್ಕೆ ಆಮದಾಗುತ್ತಿದ್ದವು. ಐವತ್ತರ ದಶಕದಲ್ಲಿ ಸರ್ಕಾರ ಆಮದಿಗೆ ಕಡಿವಾಣ ಹಾಕಿ ಇಲ್ಲೇ ಮಾಡಿ ಅಂದಾಗ, ಮುಂಬೈನ ಇರಾನಿ ಕುಟುಂಬದವರು ಕಾರ್ಖಾನೆಗೆ ಆರಿಸಿಕೊಂಡದ್ದು ಮೈಸೂರನ್ನ. ರುಸ್ತುಂ ಇರಾನಿ, ಫಾರೂಖ್ ಇರಾನಿ ಹೆಸರುಗಳು ಮೈಸೂರಿನ ಹಳಬರಿಗೆ ಗೊತ್ತು. ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಎದ್ದಿತು. ಆಗ ಮೈಸೂರಿನ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅದರ ಬೆನ್ನಿಗಿದ್ದರು. 1961ರಲ್ಲಿ ಉತ್ಪಾದನೆ ಶುರು. ಅತ್ತ ಇ-ಟೈಪ್ ಜಗತ್ತಿಗೆ ಮುಖ ತೋರಿಸಿದ ವರ್ಷವೇ!

1973ರ ಹೊತ್ತಿಗೆ ಜೆಕ್ ಹೆಸರು ಬಿಟ್ಟು ಯೆಜ್ಡಿ ಅಂತ ತಮ್ಮದೇ ಹೆಸರು ಇಟ್ಟರು. 1978ರಲ್ಲಿ ಬಂದದ್ದು ರೋಡ್‌ಕಿಂಗ್. 250 ಸಿಸಿ, ಟೂ ಸ್ಟ್ರೋಕ್, 16 ಅಶ್ವಶಕ್ತಿ. ಜೆಕ್ ದೇಶದವರು ಗುಡ್ಡಗಾಡಿನ ರೇಸಿಗೆ ಓಡಿಸುತ್ತಿದ್ದ ಬೈಕುಗಳ ರಕ್ತ ಇದರಲ್ಲಿತ್ತು. ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಗೇರ್ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್. ಮೊದಲ ಸಲ ನೋಡಿದವರು ಬಲಗಡೆ ಕಿಕ್ ಹುಡುಕಿ ಹುಡುಕಿ ಸುಸ್ತಾಗಿ ನಿಲ್ತಾರೆ, ನಮ್ಮೂರ ಹುಡುಗರಿಗೆ ಅದೊಂದು ಮನರಂಜನೆ.

ಇದೂ ಡಾಲ್ಫಿನ್ ಹಾಗೇ ಸೋತ ಗಾಡಿ, ಅದನ್ನ ಮರೆಯಬಾರದು. 1984-85ರಲ್ಲಿ ಜಪಾನಿನ 100 ಸಿಸಿ ಬೈಕುಗಳು ಬಂದವು: ಇಂಡ್-ಸುಜುಕಿ, ಹೀರೋ ಹೋಂಡಾ ಸಿಡಿ 100, ಯಮಾಹಾ ಆರ್‌ಎಕ್ಸ್ 100. ಹಗುರ, ಮೈಲೇಜು ಜಾಸ್ತಿ. ಯೆಜ್ಡಿ ಪೆಟ್ರೋಲ್ ಕುಡಿಯೋದನ್ನ ನೋಡಿ ಕಾಕಾನೇ "ಇದಕ್ಕ ಹೊಟ್ಟಿ ಐತಿ, ಕರಳಿಲ್ಲ" ಅಂತಿದ್ದ. ಕಾರ್ಮಿಕರ ತಕರಾರು, ಹೊಗೆ ಬಗ್ಗೆ ಬಂದ ಹೊಸ ಕಾನೂನು ಎಲ್ಲ ಸೇರಿ 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ನಾನು ಹುಟ್ಟೋ ಹೊತ್ತಿಗೆ ಯೆಜ್ಡಿ ಸತ್ತಾಗಿತ್ತು.

ಸತ್ತ ಮೇಲೆ ಆದದ್ದೇ ನನಗೆ ವಿಚಿತ್ರ ಅನಿಸೋದು. 2003ರಿಂದ ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಆಚರಿಸ್ತಾರೆ. ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ನೂರಾರು ಗಾಡಿಗಳು ನೀಲಿ ಹೊಗೆ ಬಿಡ್ತಾ ಸಾಲಾಗಿ ಹೊರಡ್ತವೆ. ಕಾರ್ಖಾನೆ ಮುಚ್ಚಿದ ಎಷ್ಟೋ ವರ್ಷದ ನಂತರ ಆ ಹೆಸರಿಗಾಗಿ ಕರ್ನಾಟಕ ಹೈಕೋರ್ಟಿನಲ್ಲಿ ವ್ಯಾಜ್ಯ ನಡೆಯಿತು. 2018ರಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಮಾರುಕಟ್ಟೆಗೆ ಬಂದವು. ಸೋತವನ ಹೆಸರಿಗೆ ಇಷ್ಟೊಂದು ಬೆಲೆ ಯಾಕೆ?

ಹಳೆಯ ನೆನಪು, ಯೌವನ, ಸದ್ದು ಅಂತೆಲ್ಲ ಹೇಳ್ತಾರೆ. ಡಾಲ್ಫಿನ್ ಓಡಿಸಿದವರಿಗೆ ಯೌವನ ಇರಲಿಲ್ವಾ? ನನ್ನ ಉತ್ತರ ಬೇರೆ, ಅದು ನನಗೆ ಹೊಳೆದದ್ದು 2019ರ ಆಗಸ್ಟಿನಲ್ಲಿ.

ಆ ವರ್ಷದ ನೆರೆ ನಮ್ಮ ಕಡೆಯವರು ಯಾರೂ ಮರೆಯೋದಿಲ್ಲ. ಮೇಲೆ ಹಿಡಕಲ್ ಜಲಾಶಯ ತುಂಬಿ ನೀರು ಬಿಟ್ಟರು, ಘಟಪ್ರಭೆ ಗೋಕಾಕ ಪೇಟೆಯೊಳಗೇ ನುಗ್ಗಿತು. ನಮ್ಮ ಮನೆಯ ದನದ ಕೊಟ್ಟಿಗೆಯಲ್ಲಿ ಯೆಜ್ಡಿ ನಿಂತಿತ್ತು. ದನ ಬಿಚ್ಚಿ ಮೇಲಕ್ಕೆ ಹೊಡೆದರು, ಧಾನ್ಯದ ಚೀಲ ಎಷ್ಟಾಗುತ್ತೋ ಅಷ್ಟು ಹೊತ್ತರು, ಗಾಡಿ ಯಾರಿಗೆ ನೆನಪಿರುತ್ತೆ. ಮೂರು ದಿನ ಹ್ಯಾಂಡಲ್ ತನಕ ನೀರಿನಲ್ಲಿತ್ತು. ನೀರು ಇಳಿದ ಮೇಲೆ ನೋಡಿದರೆ ಸೈಲೆನ್ಸರ್ ತುಂಬ ಕೆಸರು, ಟ್ಯಾಂಕಿನಲ್ಲಿ ಹೊಳೆ.

ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಹಾಕಿ ಗೋಕಾಕಕ್ಕೆ ಒಯ್ದರು. ಅಲ್ಲಿಯ ಮಿಸ್ತ್ರಿ ಅಂಗಡಿಯೂ ಮುಳುಗಿತ್ತು, ಪಾಪ. ಒಂದು ತಿಂಗಳು ಬಿಟ್ಟು ಗಾಡಿ ಬಿಚ್ಚಿದರು. ಎಂಜಿನ್ ಇಬ್ಭಾಗ ಮಾಡಿ ಡೀಸೆಲ್‌ನಲ್ಲಿ ತೊಳೆದು, ಬೇರಿಂಗ್, ಆಯಿಲ್ ಸೀಲ್ ಬದಲಿಸಿ, ಕಾರ್ಬೊರೇಟರ್ ಊದಿ, ಹೊಸ ಪಾಯಿಂಟು, ಕಂಡೆನ್ಸರ್, ಪ್ಲಗ್ ಹಾಕಿದರು. ಒಂದು ಬುಶ್ ಎಲ್ಲೂ ಸಿಗಲಿಲ್ಲ, ಬೆಳಗಾವಿ ಉದ್ಯಮಬಾಗದ ಲೇತ್ ಅಂಗಡಿಯಲ್ಲಿ ಹಳೇದನ್ನ ತೋರಿಸಿ ಅಂಥದ್ದೇ ಒಂದು ಮಾಡಿಸಿದರು. ದಸರೆ ಹೊತ್ತಿಗೆ ಗಾಡಿ ಮನೆಗೆ ಬಂತು, ಬನ್ನಿ ಕೊಡೋಕೆ ಕಾಕಾ ಅದರ ಮೇಲೇ ಓಣಿ ಓಣಿ ತಿರುಗಿದ.

ಮೂರು ವರ್ಷದ ನಂತರ, 2022ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿಗೂ ನೆರೆ ಬಂತು. ಯಮಲೂರು, ಬೆಳ್ಳಂದೂರು ಕಡೆ ಬಂಗಲೆಗಳ ಅಂಗಳದಲ್ಲಿ ಕೋಟಿಗಟ್ಟಲೆ ಬೆಲೆಯ ಕಾರುಗಳು ಮುಳುಗಿದ ಚಿತ್ರ ನೀವೂ ನೋಡಿರ್ತೀರಿ. ನನ್ನ ಜೊತೆ ಕೆಲಸ ಮಾಡೋ ಗೆಳೆಯನದೂ ಒಂದು ಕಾರಿತ್ತು. ಅಂಥ ದುಬಾರಿಯದಲ್ಲ, ಆದರೆ ಚುರುಕಾದದ್ದು, ಕೆಂಪು ಬಣ್ಣ, ಎರಡು ವರ್ಷ ದುಡ್ಡು ಕೂಡಿಟ್ಟು ತಗೊಂಡದ್ದು. ಸೀಟಿನ ಮಟ್ಟಕ್ಕೆ ನೀರು, ಒಂದೇ ರಾತ್ರಿ. ಎಂಜಿನ್‌ಗೆ ಏನೂ ಆಗಿರಲಿಲ್ಲ. ಆದರೆ ಸೀಟಿನ ಕೆಳಗಿನ, ಡ್ಯಾಶ್‌ಬೋರ್ಡಿನ ಹಿಂದಿನ ಕಂಟ್ರೋಲ್ ಯೂನಿಟ್‌ಗಳು, ವೈರಿಂಗ್ ಎಲ್ಲ ಹೋಗಿತ್ತು. ಅವನ್ನೆಲ್ಲ ಬದಲಿಸೋ ಖರ್ಚು ಕಾರಿನ ಬೆಲೆಗೇ ಹತ್ತಿರ ಬಂತು. ಟೋಟಲ್ ಲಾಸ್ ಅಂತ ಬರೆದು ಎಳೆದುಕೊಂಡು ಹೋದರು. ಅದರಲ್ಲಿದ್ದ ಒಂದು ಯೂನಿಟ್ಟಿನಂಥದ್ದಕ್ಕೇ ನಾವು ದಿನಾ ಕೋಡ್ ಬರೆಯೋದು. ಅದನ್ನ ಸರಿ ಮಾಡೋಕೆ ನನಗೂ ಬರೋದಿಲ್ಲ, ಅವನಿಗೂ ಬರೋದಿಲ್ಲ.

ಗಾಡಿಯನ್ನ ಮಾಡಿದ ಕಂಪನಿ ಸತ್ತ ಮೇಲೆ ಆ ಗಾಡಿಯನ್ನ ಬದುಕಿಸೋಕೆ ಹೊರಗಿನವನಿಗೆ ಸಾಧ್ಯವಾ? ನನ್ನ ಮಟ್ಟಿಗೆ ಕ್ಲಾಸಿಕ್ ಅನ್ನೋದರ ತೂಕ ಇರೋದು ಇಲ್ಲೇ. ರೋಡ್‌ಕಿಂಗ್ ಊರೂರಲ್ಲಿ ಇತ್ತು. ಹಾಲಿನವರು ಕ್ಯಾನ್ ಕಟ್ಟಿಕೊಂಡು ಓಡಿಸಿದರು, ಪೈಲ್ವಾನರು ಗತ್ತಿಗೆ ಓಡಿಸಿದರು. ಹಾಗಾಗಿ ಮಿಸ್ತ್ರಿಗಳು ಕಲಿತರು, ಗುಜರಿಯಲ್ಲಿ ಸ್ಪೇರ್ ಪಾರ್ಟ್ ಉಳಿಯಿತು, ಇಲ್ಲದ್ದನ್ನ ಲೇತ್‌ನವರು ಮಾಡಿದರು. ಡಾಲ್ಫಿನ್, ಸ್ಟಾರ್ಮ್‌ಗಳಿಗೆ ಆ ಕೈಗಳು ಹುಟ್ಟಲೇ ಇಲ್ಲ. ಅವೇನು ಕಷ್ಟದ ಕಾರುಗಳಾಗಿರಲಿಲ್ಲ, ಮಿಸ್ತ್ರಿಗಳ ಕೈಗೆ ಬೀಳುವಷ್ಟು ಸಂಖ್ಯೆಯಲ್ಲಿ ಇರಲಿಲ್ಲ ಅಷ್ಟೇ.

ಇದಕ್ಕೆ ಕ್ಯಾಂಟೀನಿನ ಎದುರು ಪಕ್ಷದವರು ಕೊಡೋ ಉತ್ತರ ಮೆಕ್‌ಲಾರೆನ್ ಎಫ್1. ಒಳ್ಳೆ ಉತ್ತರವೇ. 1992ರಿಂದ 1998ರ ನಡುವೆ ಬರೀ 106 ತಯಾರಾದವು. ಅದರೊಳಗೆ ಆಗಲೇ ಕಂಪ್ಯೂಟರ್ ಇತ್ತು. ಸರ್ವೀಸ್ ಮಾಡಬೇಕಾದರೆ ಕಾಂಪ್ಯಾಕ್ ಕಂಪನಿಯ ತೊಂಬತ್ತರ ದಶಕದ ಒಂದು ಲ್ಯಾಪ್‌ಟಾಪೇ ಬೇಕು, ಯಾಕೆಂದರೆ ಕಾರಿನ ಜೊತೆ ಮಾತಾಡೋ ವಿಶೇಷ ಕಾರ್ಡು ಅದರಲ್ಲಿ ಮಾತ್ರ ಕೂರುತ್ತಿತ್ತು. 2016ರಲ್ಲಿ ಈ ಸುದ್ದಿ ಹೊರಬಂದಾಗ ನಮ್ಮಂಥವರೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಇಪ್ಪತ್ತು ವರ್ಷ ಹಳೆಯ ಲ್ಯಾಪ್‌ಟಾಪುಗಳನ್ನ ಕಂಪನಿಯವರು ದೇವರ ಹಾಗೆ ಕಾಪಾಡಿಕೊಂಡಿದ್ದರು! ಅದೇ ಕಾರು 2021ರಲ್ಲಿ ಅಮೆರಿಕದ ಹರಾಜಿನಲ್ಲಿ ಎರಡು ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಯಿತು. ಅಂದರೆ ಸಾಫ್ಟ್‌ವೇರ್ ಇದ್ದೂ ಕ್ಲಾಸಿಕ್ ಆಗಬಹುದು, ಒಪ್ಪಿದೆ. ಆದರೆ ಅಲ್ಲಿ ಕಂಪನಿ ಇನ್ನೂ ಇದೆ, ಒಂದು ಲ್ಯಾಪ್‌ಟಾಪಿಗೋಸ್ಕರ ಏನು ಬೇಕಾದರೂ ಖರ್ಚು ಮಾಡೋ ಮಾಲೀಕರಿದ್ದಾರೆ. ನನ್ನ ಗೆಳೆಯನ ಕೆಂಪು ಕಾರಿಗೆ ಯಾರು ಲ್ಯಾಪ್‌ಟಾಪ್ ಕಾಪಾಡ್ತಾರೆ?

ಒಳಗಿನ ಗುಟ್ಟು ಸ್ವಲ್ಪ ಹೇಳಿಬಿಡ್ತೀನಿ. ಕಂಟ್ರೋಲ್ ಯೂನಿಟ್ಟಿನ ಪ್ರೋಗ್ರಾಂ ಕೂತಿರೋದು ಫ್ಲ್ಯಾಶ್ ಮೆಮೊರಿಯಲ್ಲಿ. ಚಿಪ್ ತಯಾರಿಸುವವರು ಸಾಮಾನ್ಯವಾಗಿ ಹದಿನೈದು ಇಪ್ಪತ್ತು ವರ್ಷದ ತನಕ ಅದು ಅಳಿಸಿಹೋಗಲ್ಲ ಅಂತ ಮಾತು ಕೊಡ್ತಾರೆ, ಆಮೇಲೆ ಅದರ ಹಣೆಬರಹ. ಬೋರ್ಡಿನ ಮೇಲಿನ ಕೆಲವು ಕೆಪಾಸಿಟರ್ ಒಣಗ್ತವೆ. ಸರಿ, ಹೊಸ ಚಿಪ್ ಹಾಕಿ ಅದೇ ಪ್ರೋಗ್ರಾಂ ತುಂಬೋಣ ಅಂದರೆ ಅದಕ್ಕೆ ಕಂಪನಿಯ ಡಿಜಿಟಲ್ ಸಹಿ ಬೇಕು, ಸಹಿ ಇಲ್ಲದ ಕೋಡನ್ನ ಯೂನಿಟ್ ಒಳಗೇ ಬಿಡೋದಿಲ್ಲ. ಕಳ್ಳತನ ತಪ್ಪಿಸೋಕೆ, ಯಾರೋ ಹೊಗೆ ನಿಯಮ ತಿರುಚಬಾರದು ಅಂತ ಮಾಡಿದ ವ್ಯವಸ್ಥೆ ಅದು. ಸರಿಯಾದ ಕಾರಣವೇ, ನಾನೇ ಅದರ ಒಂದಿಷ್ಟು ಸಾಲು ಬರೆದಿದ್ದೀನಿ. ಆ ಸಹಿಯ ಕೀಲಿ 2060ರಲ್ಲಿ ಯಾರ ಹತ್ತಿರ ಇರುತ್ತೆ ಅನ್ನೋ ಪ್ರಶ್ನೆ ನಮ್ಮ ಯಾವ ಮೀಟಿಂಗಿನಲ್ಲೂ ಬಂದದ್ದು ನನಗೆ ನೆನಪಿಲ್ಲ.

ಹಾಗಂತ ಪೂರ್ತಿ ಕತ್ತಲೆಯೇನಲ್ಲ. ಮೆಗಾಸ್ಕ್ವರ್ಟ್, ಸ್ಪೀಡುಯಿನೋ ಅಂತ ಹವ್ಯಾಸಿಗಳು ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಕಂಟ್ರೋಲ್ ಯೂನಿಟ್‌ಗಳಿವೆ. ಹಳೆ ಎಂಜಿನ್‌ಗೆ ಹೊಸ ತಲೆ ಕೂರಿಸಿದ ಹಾಗೆ. ಮುಂದೆ ಗೋಕಾಕದಲ್ಲೂ ಒಬ್ಬ ಮಿಸ್ತ್ರಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾರಿಗೆ ಕೋಡ್ ತುಂಬ್ತಾ ಕೂತಿದ್ದರೆ ಆಶ್ಚರ್ಯ ಇಲ್ಲ. ಆದರೆ ತಲೆ ಬದಲಾದ ಮೇಲೆ ಅದು ಅದೇ ಕಾರಾ? ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಆಗ ನಂಬರ್ ಪ್ಲೇಟಿನಲ್ಲಿ ವಿಎ ಅಂತ ಬರುತ್ತೆ. ಮೊದಮೊದಲ ರೋಡ್‌ಕಿಂಗ್‌ಗಳಿಗೆ 2028ಕ್ಕೆ ಐವತ್ತು ತುಂಬುತ್ತೆ. ಉದ್ಯಮಬಾಗದ ಬುಶ್ ಹಾಕಿಸಿಕೊಂಡ ನಮ್ಮದು ಮೂಲ ರೂಪವೋ ಅಲ್ಲವೋ, ಆರ್‌ಟಿಓ ಸಾಹೇಬರೇ ಹೇಳಬೇಕು :-)

ಇಷ್ಟು ಹೇಳಿ ಯೆಜ್ಡಿಗೆ ಸಾವಿಲ್ಲ ಅಂತ ನಾನು ಹೇಳ್ತಿಲ್ಲ. ಈಗ ಬಂಕಿನಲ್ಲಿ ಸಿಗೋದು ಇಪ್ಪತ್ತು ಪರ್ಸೆಂಟ್ ಎಥೆನಾಲ್ ಬೆರೆತ ಪೆಟ್ರೋಲು. ಹಳೆ ಗಾಡಿಯ ರಬ್ಬರ್ ಪೈಪು, ವಾಶರುಗಳಿಗೆ ಅದು ಆಗಿಬರೋದಿಲ್ಲ. ಎಥೆನಾಲ್ ಬರೋದು ಎಲ್ಲಿಂದ? ಕಬ್ಬಿನಿಂದ. ನಮ್ಮ ಹೊಲದ ಕಬ್ಬೇ ಫ್ಯಾಕ್ಟರಿಗೆ ಹೋಗಿ, ತಿರುಗಿ ಬಂದು ನಮ್ಮ ಗಾಡಿಯ ಪೈಪು ತಿಂತಿದೆ! ಕಾಕಾನಿಗೆ ಇದನ್ನ ವಿವರಿಸಿದಾಗ ಅರ್ಧ ನಿಮಿಷ ಸುಮ್ಮನಿದ್ದು, "ಹಂಗಾದ್ರ ಈ ವರ್ಷದ ಬಾಕಿ ಬಿಲ್ಲು ಜಲ್ದಿ ಕೊಡಲಿ, ಪೈಪ್ ನಾ ಹಾಕಿಸ್ತೀನಿ" ಅಂದ.

ಅದಕ್ಕಿಂತ ದೊಡ್ಡ ಚಿಂತೆ ಮಿಸ್ತ್ರಿಯದು. ಅವರಿಗೆ ಅರವತ್ತೈದು ದಾಟಿದೆ, ಕಣ್ಣಿಗೆ ಪೊರೆ ಬಂದಿದೆ. ಮಗ ಬೆಳಗಾವಿಯಲ್ಲಿ ಕಾರಿನ ಸರ್ವೀಸ್ ಸೆಂಟರಿನಲ್ಲಿದ್ದಾನೆ. ಸ್ಕ್ಯಾನರ್ ಹಚ್ಚಿ, ತೆರೆ ನೋಡಿ, ಅದು ಹೇಳಿದ ಪಾರ್ಟ್ ಬದಲಿಸ್ತಾನೆ. ಒಳ್ಳೆ ಹುಡುಗ, ಸಂಬಳ ಚೆನ್ನಾಗಿದೆ. ಪಾಯಿಂಟ್ ಗ್ಯಾಪ್ ಇಡೋಕೆ ಬರೋದಿಲ್ಲ ಅಂತ ಅವರಪ್ಪನೇ ನಗ್ತಾ ಹೇಳಿದರು. ಮುದುಕನ ನಗು ನನಗೆ ಯಾಕೋ ಹಿಡಿಸಲಿಲ್ಲ.

ದೀಪಾವಳಿ ರಜೆ ಮುಗಿಯೋ ಹಿಂದಿನ ದಿನ ಮಿಸ್ತ್ರಿಯನ್ನ ಮೇಲವಂಕಿಗೆ ಕರಕೊಂಡು ಬಂದೆ, ಚಹಾ ಚುರುಮುರಿ ಲಂಚ ಕೊಟ್ಟು. ಕೊಟ್ಟಿಗೆಯಿಂದ ಗಾಡಿ ಅಂಗಳಕ್ಕೆ ಬಂತು. ಮೇಲಿನ ಕವರ್ ಬಿಚ್ಚಿ, ಪಾಯಿಂಟ್ ಎಲ್ಲಿದೆ, ಎಷ್ಟು ತೆರೆಯಬೇಕು, ಫೀಲರ್ ಗೇಜ್ ಹೇಗೆ ಬಿಗಿಯಾಗಿ ಜಾರಬೇಕು ಅಂತ ತೋರಿಸಿದರು. ಮೂರು ಸಲ ತಪ್ಪು ಮಾಡಿದೆ. ನಾಲ್ಕನೇ ಸಲ ಅವರು ಏನೂ ಅನ್ನಲಿಲ್ಲ, ಬೆರಳಿನಿಂದ ಮುಟ್ಟಿ ನೋಡಿ "ಹೂಂ" ಅಂದರು. ಗೇರ್ ಲಿವರ್ ಒತ್ತಿ, ತಿರುಗಿಸಿ, ಕಿಕ್ ಹೊಡೆದೆ. ಆರು ಕಿಕ್ಕಿಗೂ ಸುದ್ದಿ ಇಲ್ಲ. ಕಟ್ಟೆ ಮೇಲೆ ಕೂತಿದ್ದ ಕಾಕಾ ಎದ್ದು ಬಂದ. "ಪೆಟ್ರೋಲ್ ಕಾಕ್ ಯಾರ್ ತೆರಿಬೇಕು, ನಿಮ್ಮಪ್ಪಾ?" ಅಂದು ತಾನೇ ತಿರುಗಿಸಿದ.

ಏಳನೇದಕ್ಕೆ ಹತ್ತಿತು. ಆ ಬೆಂಗಳೂರು ಹುಡುಗರು ಮರುದಿನ ಮತ್ತೆ ಫೋನ್ ಮಾಡಿದ್ದರಂತೆ. ಕಾಕಾ ಇನ್ನೂ ಎತ್ತಿಲ್ಲ.